ತೇವಾಂಶ ಶೇಕಡಾ ಎಂಟು

ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸಂಶೋಧನಾ ಸಂಸ್ಥೆಯ ನಿರ್ದೇಶಕರು ತಾವೇ ಠಾಣೆಗೆ ಬಂದು ದೂರು ಕೊಟ್ಟರು. ಟೈಪ್ ಮಾಡಿಸಿ ತಂದ ಎರಡು ಪುಟ. ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದರು. ಮೊದಲ ಸಲ ಅರ್ಥವಾಗಲಿಲ್ಲ. ಎರಡನೇ ಸಲ, ಅರ್ಥವಾಗುವುದಿಲ್ಲ ಎಂಬುದು ಖಾತ್ರಿಯಾಯಿತು.

"ಬಾಯಲ್ಲೇ ಹೇಳಿಬಿಡಿ ಸರ್," ಎಂದರು.

ನಿರ್ದೇಶಕರು ಹೇಳಿದ್ದು ಇಷ್ಟು. ಗಣಿಯಿಂದ ಹೊರಡುವ ಅದಿರಿನ ಮೇಲೆ ಸರ್ಕಾರ ಟನ್ನಿಗೆ ಇಷ್ಟೆಂದು ರಾಯಧನ ವಸೂಲಿ ಮಾಡುತ್ತದೆ. ಅದಿರಿನ ತೂಕದಲ್ಲಿ ನೀರೂ ಸೇರಿರುವುದರಿಂದ ನೂರು ಟನ್ನಿಗೆ ಎಂಟು ಟನ್ ತೇವವೆಂದು ಕಳೆದು, ಉಳಿದದ್ದಕ್ಕೆ ಮಾತ್ರ ಲೆಕ್ಕ ಹಾಕುತ್ತಾರೆ. ಎಲ್ಲ ಗಣಿಗೂ, ಎಲ್ಲ ಕಾಲಕ್ಕೂ ಎಂಟೇ. ಸಂಸ್ಥೆಯ ಸಂಶೋಧಕಿಯೊಬ್ಬಳು ಬೇಸಿಗೆಯಲ್ಲಿ ಹನ್ನೆರಡು ಗಣಿಗಳಿಂದ ಅದಿರಿನ ಮಾದರಿ ತಂದು, ತೇವ ಸರಾಸರಿ ಮೂರನ್ನೂ ದಾಟುವುದಿಲ್ಲ, ಸರ್ಕಾರಕ್ಕೆ ಪ್ರತಿವರ್ಷ ಖೋತಾ ಆಗುತ್ತಿದೆ ಎಂದು ವರದಿ ಬರೆದಿದ್ದಳು. ರಾಯಧನ ಪರಿಷ್ಕರಣಾ ಸಮಿತಿ ಅದನ್ನು ಸೋಮವಾರ ಕೈಗೆತ್ತಿಕೊಳ್ಳುವುದಿತ್ತು. ಪ್ರತಿ ಗಣಿಯಿಂದ ಅವಳು ತಂದದ್ದು ಎರಡೆರಡು ಪೊಟ್ಟಣ. ಒಂದು ಆಗಲೇ ಪರೀಕ್ಷೆಗೆ ಹೋಗಿತ್ತು. ಅದರ ಜೋಡಿಗೆ ಅರಗಿನ ಮುದ್ರೆ ಹಾಕಿ ಸಂಸ್ಥೆಯ ಮಾದರಿ ಕೋಣೆಯಲ್ಲಿ ಇಟ್ಟಿದ್ದರು. ಸಮಿತಿಗೆ ಮುಂಚೆ ಒಮ್ಮೆ ಖಚಿತಪಡಿಸಿಕೊಳ್ಳೋಣವೆಂದು ಜೋಡಿಗಳನ್ನು ಬೇರೊಂದು ಪ್ರಯೋಗಾಲಯಕ್ಕೆ ಕಳಿಸಿದರೆ, ಅಲ್ಲಿಂದ ಸರಾಸರಿ ಎಂಟು ಎಂದು ಬಂತು.

"ಅಂದ್ರೆ ಮೊದಲನೇ ಪೊಟ್ಟಣಗಳನ್ನ ಬಿಸಿಲಿಗೆ ಹರಡಿ ಒಣಗಿಸಿ ಲ್ಯಾಬಿಗೆ ಕೊಟ್ಟಿದಾಳೆ," ಎಂದರು ನಿರ್ದೇಶಕರು. "ಹೆಸರಿನ ಆಸೆ. ಸಂಸ್ಥೆ ಮಾನ ಬೀದಿಗೆ ಬಂತು."

"ಕೋಣೆ ಕೀ ಯಾರ ಹತ್ರ?"

"ಅವಳ ಹತ್ರ ಒಂದು. ಇನ್ನೊಂದು ನನ್ನ ಬೀರುವಿನಲ್ಲಿ, ಲಕೋಟೆಯಲ್ಲಿ. ಅಂಟು ಕೂಡ ಬಿಚ್ಚಿಲ್ಲ."

"ಬಂಧನ ಆದರೆ ಅವರ ಗತಿ?"

"ಆವತ್ತೇ ಪಿಎಚ್‌ಡಿ ನೋಂದಣಿ ರದ್ದು. ನಿಯಮ ಇದೆ."

ವಂಚನೆ, ಸುಳ್ಳು ದಾಖಲೆ ಸೃಷ್ಟಿ ಎಂದು ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದೊಳಗೆ ಮೇಲಧಿಕಾರಿಯಿಂದ ಫೋನೂ ಬಂತು. ಸಮಿತಿ ಸೇರುವುದರೊಳಗೆ ಆರೋಪಿ ಒಳಗಿರಬೇಕು, ಅಷ್ಟೇ.

ಸಂಶೋಧಕಿಯ ಮನೆ ಅವಳ ಅಕ್ಕನ ಟೈಲರಿಂಗ್ ಅಂಗಡಿಯ ಮೇಲಿತ್ತು. ಒಂದೇ ಕೋಣೆ. ಮಂಚದ ಕೆಳಗೆ ಪುಸ್ತಕ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೆಂಪು ಕಲ್ಲು. ಇಬ್ಬರು ಪಂಚರ ಎದುರು ಹೆಡ್ ಕಾನ್‌ಸ್ಟೆಬಲ್ ಶೋಧ ಶುರು ಮಾಡಿದಾಗ ಅಕ್ಕ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಾಗಿಲಲ್ಲಿ ನಿಂತಳು.

"ಹುಡುಕಿ ಅಣ್ಣಾ, ಚೆನ್ನಾಗಿ ಹುಡುಕಿ. ಕಲ್ಲಂತೂ ಸಿಕ್ಕೇ ಸಿಗುತ್ತೆ. ಚಿನ್ನ ಸಿಕ್ಕಿದ್ರೆ ಮಾತ್ರ ನನಗೂ ಒಂದು ಮಾತು ಹೇಳಿ."

"ಸ್ವಲ್ಪ ಸುಮ್ನಿರಮ್ಮ."

"ಐದು ವರ್ಷದಿಂದ ಸುಮ್ನೇ ಇದೀನಿ. ಇವಳ ಓದು ಯಾವಾಗ ಮುಗಿಯುತ್ತೆ ಅಂತ ಕೇಳಿದೋರಿಗೆಲ್ಲ ಈ ವರ್ಷ, ಈ ವರ್ಷ ಅಂತ ಹೇಳಿ ನಾಲಿಗೆ ಸವೆದುಹೋಯ್ತು. ಈಗ ಪೊಲೀಸ್ರು ಬಂದ್ರು ಅಂತ ಹೇಳ್ಲಾ?"

ಸಂಶೋಧಕಿ ಗೋಡೆಗೊರಗಿ ನಿಂತಿದ್ದಳು. ಮೂವತ್ತರ ಆಸುಪಾಸು. ಬಿಸಿಲಿಗೆ ಸುಟ್ಟು ಮೂಗಿನ ಮೇಲೆ ಸಿಪ್ಪೆ ಎದ್ದಿತ್ತು.

"ಮಾದರಿ ಒಣಗಿಸಿದ್ರಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ."

"ಜೋಡಿ ಪೊಟ್ಟಣದಲ್ಲಿ ಎಂಟು ಹೇಗೆ ಬಂತು?"

"ಗೊತ್ತಿಲ್ಲ."

"ಕೋಣೆಗೆ ಬೇರೆ ಯಾರು ಹೋಗ್ತಾರೆ?"

"ಯಾರೂ ಇಲ್ಲ."

ಪಾರಾಗಬೇಕೆನ್ನುವವರು ಆ ಪ್ರಶ್ನೆಗೆ ನಾಲ್ಕು ಹೆಸರಾದರೂ ಹೇಳುತ್ತಾರೆ. ಇವಳದು ಬಚ್ಚಿಡುವವರ ಉತ್ತರವಾಗಿ ಕಾಣಲಿಲ್ಲ. ದಾರಿ ತಪ್ಪಿದವರು ಕವಲಿನಲ್ಲಿ ನಿಂತಂತಿತ್ತು. ಕೋಣೆಯಲ್ಲಿ ಆಕ್ಷೇಪಾರ್ಹವಾದದ್ದು ಏನೂ ಸಿಗಲಿಲ್ಲ ಎಂದು ಪಂಚನಾಮೆ ಬರೆದು ಸಹಿ ಮಾಡಿಸಿಕೊಂಡರು.

ಸಂಜೆ ಅವಳ ಮಾರ್ಗದರ್ಶಕರು ಠಾಣೆಗೆ ಬಂದರು. ನಿವೃತ್ತಿಗೆ ಹತ್ತಿರದ ಪ್ರಾಧ್ಯಾಪಕರು; ಸಂಸ್ಥೆಯಲ್ಲಿ ಎಲ್ಲರೂ ಎಂಟು ಮೇಷ್ಟ್ರು ಎನ್ನುತ್ತಿದ್ದರು. ಆ ಎಂಟು ಟನ್ನಿನ ನಿಯಮ ಹುಟ್ಟಿದ್ದೇ ಇಪ್ಪತ್ತೆರಡು ವರ್ಷದ ಹಿಂದೆ ಇವರು ಮಾಡಿದ ಅಧ್ಯಯನದಿಂದ. ಕುರ್ಚಿಯ ತುದಿಯಲ್ಲಿ ಕುಳಿತರು.

"ನನ್ನ ಮಗಳಿದ್ದ ಹಾಗೆ ಸರ್. ತಪ್ಪಾಯ್ತು ಅಂತ ಒಂದು ಪತ್ರ ಬರೆದುಕೊಡ್ತಾಳೆ. ವರದಿ ವಾಪಸ್ ತಗೋತೀವಿ. ಅಲ್ಲಿಗೆ ಮುಗಿಸಿಬಿಡಿ."

"ನಿಮ್ಮ ಎಂಟು ತಪ್ಪು ಅಂತ ಬರೆದವರು ಅವರು. ನಿಮಗೆ ಕೋಪ ಇಲ್ವಾ?"

"ಮಕ್ಕಳು ಎದೆಗೆ ಒದ್ದರೆ ಕೋಪ ಮಾಡ್ಕೊಳ್ಳೋಕಾಗುತ್ತಾ?"

"ಎಫ್‌ಐಆರ್ ಆಗಿದೆ ಸರ್. ಪತ್ರದಲ್ಲಿ ಮುಗಿಯಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಹಾಕಿಕೊಳ್ಳದೆ ಹಾಗೇ ಹಿಡಿದುಕೊಂಡರು. "ಠಾಣೆ ತನಕ ಯಾಕೆ ಬರಬೇಕಿತ್ತು ನಿರ್ದೇಶಕರು," ಎಂದು ತಮಗೇ ಹೇಳಿಕೊಂಡರು. ಅವರು ಹೋದ ಮೇಲೆ ಹೆಡ್ ಕಾನ್‌ಸ್ಟೆಬಲ್, "ಪಾಪ, ಒಳ್ಳೇ ಮನುಷ್ಯ," ಎಂದ.

ಶುಕ್ರವಾರ ಬೆಳಿಗ್ಗೆ ಇನ್ಸ್‌ಪೆಕ್ಟರೂ ಹೆಡ್ ಕಾನ್‌ಸ್ಟೆಬಲ್ಲೂ ಎರಡನೇ ಪ್ರಯೋಗಾಲಯಕ್ಕೆ ಹೋದರು. ರಸಾಯನ ತಜ್ಞೆ ಬಿಳಿ ಕೋಟಿನ ಜೇಬಿಗೆ ಕೈ ಹಾಕಿಕೊಂಡು ಕಂಪ್ಯೂಟರಿನ ಮುಂದೆ ನಿಂತರು.

"ಸರಾಸರಿ ಬೇಡ ಮೇಡಂ. ಒಂದೊಂದೇ ಗಣಿದು ಓದಿ."

"ಎಂಟು. ಏಳು ಪಾಯಿಂಟ್ ಒಂಬತ್ತು. ಎಂಟು. ಎಂಟು ಪಾಯಿಂಟ್ ಒಂದು. ಎಂಟು..."

"ಕೊನೇ ತನಕ ಹೀಗೇನಾ?"

"ಹೀಗೇ." ತಜ್ಞೆ ಪರದೆಯನ್ನು ಮತ್ತೆ ನೋಡಿದರು. "ಸರಾಸರಿ ಮಾತ್ರ ಕೇಳಿದ್ರು, ಅದನ್ನೇ ಕೊಟ್ಟೆ. ಈಗ ನೋಡಿದ್ರೆ ವಿಚಿತ್ರ. ಇದರಲ್ಲಿ ಕೆಲವು ಪುಡಿ ಅದಿರು, ನೀರು ಕುಡಿಯುತ್ತೆ. ಕೆಲವು ಗಟ್ಟಿ ಕಲ್ಲು. ಅದು ಎಂಟು ಹಿಡಿಯೋದೇ ಇಲ್ಲ. ಆ ಪೊಟ್ಟಣಗಳ ತಳದಲ್ಲಿ ನೀರು ನಿಂತಿತ್ತು."

"ಆಗ ಹೇಳಲಿಲ್ಲ?"

"ನೀರಿನ ತೂಕ ಕೇಳಿದ್ರು ಸರ್. ನೀರು ಎಲ್ಲಿತ್ತು ಅಂತ ಕೇಳಲಿಲ್ಲ."

ಖಾಲಿ ಪೊಟ್ಟಣಗಳು ಅಲ್ಲೇ ಇದ್ದವು. ದಪ್ಪ ಪ್ಲಾಸ್ಟಿಕ್ಕು, ಬಾಯಿಗೆ ಅರಗು. ಮುದ್ರೆಯ ಕೆಳಗೆ ಕತ್ತರಿಸಿ ತೆಗೆದಿದ್ದರಿಂದ ಮುದ್ರೆಗಳು ಇಡಿಯಾಗಿಯೇ ಉಳಿದಿದ್ದವು. ಹೆಡ್ ಕಾನ್‌ಸ್ಟೆಬಲ್ ಒಂದಕ್ಕೆ ನೀರು ತುಂಬಿ ಎತ್ತಿ ಹಿಡಿದ. ಚೀಟಿ ಅಂಟಿಸಿದ್ದ ಕಡೆಯಿಂದ ಹನಿಯೊಂದು ಮೂಡಿತು. ಚೀಟಿ ಬಿಡಿಸಿದರೆ ಅದರಡಿ ಉಗುರಗಲದ ಪಾರದರ್ಶಕ ಟೇಪು, ಟೇಪಿನಡಿ ಸೂಜಿಯ ತೂತು. ಹನ್ನೆರಡರಲ್ಲೂ. ಪಂಚರನ್ನು ಕರೆಸಿ ಎಲ್ಲವನ್ನೂ ವಶಕ್ಕೆ ಪಡೆದು, ಟೇಪುಗಳನ್ನು ಬೆರಳಚ್ಚು ವಿಭಾಗಕ್ಕೆ ಕಳಿಸಿದರು. ಅಂಟಿನ ಮೈಗೆ ಬೆರಳು ತಾಗದೆ ಟೇಪು ಹಚ್ಚುವುದು ಕಷ್ಟ.

"ಗಣಿ ಮಾಲೀಕರದೇ ಕೈವಾಡ ಸರ್," ಎಂದ ಹೆಡ್ ಕಾನ್‌ಸ್ಟೆಬಲ್ ಜೀಪಿನಲ್ಲಿ. "ಎಂಟೇ ಇದ್ರೆ ಅವರಿಗೆ ಲಾಭ."

"ಗಣಿಯವರು ಗಟ್ಟಿ ಕಲ್ಲಿಗೆ ನೀರು ಕುಡಿಸೋಕೆ ಹೋಗಲ್ಲ. ಇದು ಅದಿರು ನೋಡದೆ, ಅಂಕಿ ಮಾತ್ರ ನೋಡಿದವರ ಕೆಲಸ. ಇನ್ನೊಂದು ವಿಚಾರ. ಪ್ರತಿ ಪೊಟ್ಟಣವೂ ಸರಿಯಾಗಿ ಎಂಟಕ್ಕೆ ಬರಬೇಕು ಅಂದ್ರೆ ಅದರಲ್ಲಿ ಮೊದಲು ಎಷ್ಟಿತ್ತು ಅಂತ ಗೊತ್ತಿರಬೇಕು."

ಮಧ್ಯಾಹ್ನ ಸಂಶೋಧಕಿಯನ್ನು ಠಾಣೆಗೆ ಕರೆಸಿದರು. ಅಕ್ಕನೂ ಜೊತೆಗೆ ಬಂದು ಹೊರಗಿನ ಬೆಂಚಿನಲ್ಲಿ ಕುಳಿತಳು.

"ಒಂದೊಂದು ಗಣಿಯ ಮೊದಲ ಫಲಿತಾಂಶ ಯಾರ್ಯಾರಿಗೆ ಗೊತ್ತಿತ್ತು?"

"ನನಗೆ."

"ನಿರ್ದೇಶಕರಿಗೆ?"

"ಸರಾಸರಿ ಮಾತ್ರ ಕೊಟ್ಟಿದ್ದೆ."

"ಇನ್ಯಾರಿಗೆ?"

ಅವಳು ಮೇಜಿನ ಅಂಚನ್ನು ನೋಡತೊಡಗಿದಳು.

"ನೀವು ಊರಲ್ಲಿ ಇಲ್ಲದಾಗ ಮಾದರಿ ಕೋಣೆ ಕೀ ಎಲ್ಲಿರುತ್ತೆ?"

"ಸರ್ ರೂಮಲ್ಲಿ." ಧ್ವನಿ ಇಳಿದಿತ್ತು. "ಫೀಲ್ಡಿಗೆ ಹೋಗುವಾಗ ಎಲ್ಲರೂ ಅವರವರ ಗೈಡ್ ರೂಮಿನ ಮೊಳೆಗೆ ನೇತುಹಾಕಿ ಹೋಗ್ತೀವಿ. ಕಳೆದ ತಿಂಗಳೂ ಹೋಗಿದ್ದೆ."

"ನಿನ್ನೆ ಯಾಕೆ ಹೇಳಲಿಲ್ಲ?"

"ಯಾರೂ ಹೋಗಲ್ಲ ಅಂದ್ನಲ್ಲ. ಅವರನ್ನ ಆ ಯಾರೋ ಅನ್ನೋದರಲ್ಲಿ ಸೇರಿಸಬೇಕು ಅಂತ ಅನ್ನಿಸಲೇ ಇಲ್ಲ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. ಗೋಡೆಯಾಚೆ ವೈರ್‌ಲೆಸ್ ಗೊಣಗುತ್ತಿತ್ತು. ಅವಳು ಅಳಲಿಲ್ಲ. ಹೊರಗೆ ಅಕ್ಕ ಮಾತ್ರ ಕಾನ್‌ಸ್ಟೆಬಲ್ ಒಬ್ಬನಿಗೆ ಅವನ ಅಂಗಿಯ ಹೊಲಿಗೆ ಸರಿಯಿಲ್ಲ ಎಂದು ಹೇಳುತ್ತಿದ್ದುದು ಕೇಳಿಸಿತು.

ಶನಿವಾರ ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋದರು. ಬಾಗಿಲು ತೆರೆದವರು ಅವರೇ. ಕೈಯಲ್ಲಿ ಲೋಟ. ಒಳಕೋಣೆಯ ಮಂಚದ ಮೇಲೆ ಅವರ ಹೆಂಡತಿ ಮಲಗಿದ್ದರು; ಮೂಗಿನಿಂದ ಸಣ್ಣ ಕೊಳವೆ ಹೊರಬಂದಿತ್ತು. ಮಾತು, ನುಂಗುವುದು ಎರಡೂ ಎರಡು ವರ್ಷದ ಹಿಂದೆ ನಿಂತಿದ್ದವು. ಪಕ್ಕದ ಮೇಜಿನ ಮೇಲಿನ ತಟ್ಟೆಯಲ್ಲಿ ಕೊಳವೆಗೆ ಹಾಲು ಹಾಕುವ ದೊಡ್ಡ ಸಿರಿಂಜುಗಳು. ಒಂದು ಮಾತ್ರ ಬೇರೆಯಾಗಿ, ದಪ್ಪ ಸೂಜಿ ಸಿಕ್ಕಿಸಿಕೊಂಡು ಕೆಳಗಿನ ಅರೆಯಲ್ಲಿತ್ತು. ಕೊಳವೆಗೆ ಸೂಜಿ ಬೇಕಿಲ್ಲ. ಅದರ ಹಿಡಿಯಲ್ಲಿ ಕೆಂಪು ಧೂಳು ಕೂತಿತ್ತು.

ಇನ್ಸ್‌ಪೆಕ್ಟರ್ ಅದನ್ನು ನೋಡಿದ್ದನ್ನು ಮೇಷ್ಟ್ರು ನೋಡಿದರು.

"ಇವತ್ತು ಸಂಜೆಯೊಳಗೆ ಅರೆಸ್ಟ್ ಮಾಡಬೇಕು ಅಂತ ನಮಗೆ ಆದೇಶ ಇದೆ," ಎಂದರು ಇನ್ಸ್‌ಪೆಕ್ಟರ್. "ಯಾರನ್ನ ಅನ್ನೋದು ನೀವು ಹೇಳಿ."

ಫ್ಯಾನು ಒಂದೇ ಸಮ ತಿರುಗುತ್ತಿತ್ತು. ಹೆಡ್ ಕಾನ್‌ಸ್ಟೆಬಲ್ ಕೆಮ್ಮಲು ಹೋಗಿ ತಡೆದುಕೊಂಡ. ಮೇಷ್ಟ್ರು ಲೋಟದ ಹಾಲನ್ನು ಬೆರಳಿನಿಂದ ಮುಟ್ಟಿ ಬಿಸಿ ನೋಡಿದರು.

"ಇವಳಿಗೆ ಹಾಲು ಕೊಟ್ಟು ಬರ್ತೀನಿ. ನಾದಿನಿಗೆ ಫೋನ್ ಮಾಡ್ಬೇಕು," ಎಂದರು. "ಹುಡುಗಿ ಹೆಸರು ತೆಗೆದುಹಾಕಿ."

ಸಿರಿಂಜನ್ನು ವಶಕ್ಕೆ ಪಡೆದು ಪಂಚನಾಮೆ ಮುಗಿಯುವ ಹೊತ್ತಿಗೆ ಬೆರಳಚ್ಚು ವಿಭಾಗದಿಂದ ಫೋನ್ ಬಂತು. ಆರು ಟೇಪುಗಳಲ್ಲಿ ಒಂದೇ ಹೆಬ್ಬೆರಳಿನ ಗುರುತು. ಅದು ಮೇಷ್ಟ್ರದೇ ಎಂದು ಆಮೇಲೆ ತಾಳೆಯಾಯಿತು. ನಾದಿನಿ ಬರುವವರೆಗೆ ಕಾದು, ಮಧ್ಯಾಹ್ನ ಬಂಧನದ ಮೆಮೊಗೆ ಸಹಿ ಹಾಕಿಸಿಕೊಂಡರು.

ಠಾಣೆಯಲ್ಲಿ ಹೇಳಿಕೆ ದಾಖಲಿಸುವಾಗ ಗಣಿಯವರು ಏನಾದರೂ ಕೊಟ್ಟರೇ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಮೇಷ್ಟ್ರಿಗೆ ಬೇಸರವಾದಂತಿತ್ತು.

"ನಾನು ಅಳತೆ ಮಾಡಿದ್ದು ಒಂದೇ ಒಂದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಮತ್ತೆ ಹೋಗಬೇಕು ಅಂದ್ಕೊಂಡಿದ್ದೆ. ಅಷ್ಟರಲ್ಲಿ ಸರ್ಕಾರ ಎಂಟನ್ನ ತಗೊಂಡುಬಿಡ್ತು. ಮೊದಲನೇ ವರ್ಷ ಹೇಳಿದ್ರೆ ಹೇಳಬಹುದಿತ್ತು. ಎರಡನೇ ವರ್ಷ ಸ್ವಲ್ಪ ಕಷ್ಟ ಆಯ್ತು. ಆಮೇಲೆ ಪಾಠದಲ್ಲಿ ಬಂತು, ನಾನೇ ಪಾಠ ಮಾಡಿದೆ. ನನಗೆ ನಿವೃತ್ತಿ ತನಕ ಸಾಕಿತ್ತು. ಆಮೇಲೆ ಅವಳೇ ತಪ್ಪು ಅಂತ ತೋರಿಸಲಿ, ಯಾರು ಬೇಡ ಅಂದ್ರು? ವರದಿ ಮೂಲೆಗೆ ಸೇರುತ್ತೆ ಅಂತ ಮಾತ್ರ ಲೆಕ್ಕ ಹಾಕಿದ್ದೆ. ಅವಳು ಕಟಕಟೆಗೆ ಹೋಗೋದು ಲೆಕ್ಕದಲ್ಲಿ ಇರಲಿಲ್ಲ."

"ದೂರು ಠಾಣೆಗೆ ಬಂದ ಮೇಲೂ ಎರಡು ದಿನ ಸುಮ್ನಿದ್ರಿ."

ಹೇಳಿಕೆ ಬರೆದುಕೊಳ್ಳುತ್ತಿದ್ದ ಠಾಣೆಯ ಬರಹಗಾರ ಪೆನ್ನು ಎತ್ತಿ ಕಾದ. ಇನ್ಸ್‌ಪೆಕ್ಟರ್ ಮುಂದಿನ ಸಾಲಿಗೆ ಹೋಗುವಂತೆ ಸನ್ನೆ ಮಾಡಿದರು.

ಸಂಜೆ ಸಂಶೋಧಕಿ ಬಂದಳು. ಅವಳ ಮೇಲಿನ ಆರೋಪ ಕೈಬಿಟ್ಟು ನ್ಯಾಯಾಲಯಕ್ಕೆ ವರದಿ ಕೊಡುವುದಾಗಿಯೂ, ನೋಂದಣಿಗೆ ಧಕ್ಕೆಯಿಲ್ಲವೆಂದು ನಿರ್ದೇಶಕರು ಬರೆದುಕೊಟ್ಟಿರುವುದಾಗಿಯೂ ಇನ್ಸ್‌ಪೆಕ್ಟರ್ ಹೇಳಿದರು. ಅವಳು ತಲೆಯಾಡಿಸಿದಳು. ಹೊರಡುವ ದಾರಿಯಲ್ಲೇ ಬರಹಗಾರನ ಕೋಣೆ. ಬಾಗಿಲು ತೆರೆದಿತ್ತು. ಮೇಷ್ಟ್ರು ಬೆಂಚಿನ ಮೇಲೆ ಕುಳಿತಿದ್ದರು, ಪಕ್ಕದಲ್ಲಿ ಕಾನ್‌ಸ್ಟೆಬಲ್.

ಅವಳು ನಿಂತಳು. ಮೇಷ್ಟ್ರು ತಲೆ ಎತ್ತಲಿಲ್ಲ. ನೆಲಕ್ಕೆ ಹೇಳಿದಂತೆ ಕೇಳಿದರು:

"ಬೇಸಿಗೆಯಲ್ಲಿ ಹೇಗಿರುತ್ತಮ್ಮ ಅಲ್ಲಿ?"

ಇನ್ಸ್‌ಪೆಕ್ಟರ್ ಅವಳು ಹಾಗೇ ಹೋಗುತ್ತಾಳೆಂದುಕೊಂಡರು.

"ಧೂಳು ಸರ್," ಎಂದಳು ಅವಳು. "ಮುಷ್ಟಿಯಲ್ಲಿ ಎಷ್ಟು ಹಿಂಡಿದ್ರೂ ಅದಿರು ಉಂಡೆ ಕಟ್ಟಲ್ಲ. ಬೆರಳು ಬಿಡಿಸಿದ್ರೆ ಗಾಳಿ ಎತ್ಕೊಂಡು ಹೋಗಿಬಿಡುತ್ತೆ."

ಮೇಷ್ಟ್ರು ಸರಿ ಎನ್ನುವಂತೆ ತಲೆಯಾಡಿಸಿದರು.