ಸ್ವಂತ ಮನೆಯ ಹೊಸ್ತಿಲು

"ಬಾಡಿಗೆದಾರರಿರೋ ಮನೆ ಕೊಂಡ ಮ್ಯಾಲೆ ತಾಳ್ಮೆ ಬೇಕು ಸಾಹುಕಾರ್ರೆ. ಕೂತು ಮಾತಾಡ್ರಿ, ಬೇರೆ ಮನೆ ಹುಡುಕಿಕೊಡ್ರಿ, ಇಲ್ಲ ಕೋರ್ಟಿಗೆ ಹೋಗ್ರಿ. ಹೊಸ್ತಿಲ ಕೆಳಗೆ ಮಾತ್ರ ಏನೂ ಹೂಳಾಕೆ ಹೋಗಬ್ಯಾಡ್ರಿ," ಎಂದ ಮನೆ ದಲ್ಲಾಳಿ ನಾಗೇಂದ್ರಪ್ಪ. "ಯಾರ ಹೆಸರು ಹೇಳಿ ಹೂಳಿದ್ರೂ ಅದು ಹಿಡಿಯೋದು ಹೊಸ್ತಿಲ ಒಡೆಯನನ್ನ. ಆಮ್ಯಾಲೆ ಆ ಹೆಸರಿನವರೇ ಬಂದು, ವಿಷಯ ತಿಳಕೊಂಡು, ತಮ್ಮ ಕೈಯಾರೆ ತೆಗೀಬೇಕು. ಬೇರೆ ದಾರಿ ಇಲ್ಲ."

ಚನ್ನಗಿರಿಯಿಂದ ಬಂದಿದ್ದ ಜವಳಿ ವ್ಯಾಪಾರಿ ವಿರೂಪಾಕ್ಷಪ್ಪ ನಕ್ಕ. "ಕೋರ್ಟಿಗೆ ಹೋದ್ರೆ ಆ ಮನೇಲಿ ನನ್ನ ಮೊಮ್ಮಕ್ಕಳು ಹಾಲುಕ್ಕಿಸಬೇಕಾಗ್ತೈತೆ. ನಿಂಬೆಹಣ್ಣು ಸಂತೆಯಾಗೇ ಸಿಗ್ತೈತಲ್ಲ ಮಾರಾಯ."

ಅದು 1979. ಮನೆ ಹೊನ್ನಾಳಿಯ ಹೊಳೆ ಕಡೆಯ ಬೀದಿಯಲ್ಲಿತ್ತು. ಬಾಡಿಗೆಗಿದ್ದವಳು ಮಂಡಕ್ಕಿ ಮಾರುವ ಸಾವಂತ್ರಮ್ಮ, ಒಂಟಿ ಹೆಂಗಸು. ಬಾಡಿಗೆ ಎಂದೂ ತಪ್ಪಿಸಿದವಳಲ್ಲ. ಕಾನೂನಿನ ಪ್ರಕಾರ ಅವಳನ್ನು ಎಬ್ಬಿಸಲು ಕಾರಣ ಇರಲಿಲ್ಲ.

ಅವಳು ನ್ಯಾಮತಿ ಸಂತೆಗೆ ಹೋಗಿದ್ದ ದಿನ, ದೀಪ ಹಚ್ಚುವ ಹೊತ್ತಿಗೆ, ವಿರೂಪಾಕ್ಷಪ್ಪ ಹೊಸ್ತಿಲ ಬುಡ ಅಗೆದ. ಹಳೆ ಬಟ್ಟೆಯಲ್ಲಿ ಗೊಂಬೆ ಕಟ್ಟಿದ್ದ. ಅದರ ಎರಡೂ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿದ. ನಗು ತಡೆದುಕೊಂಡು, "ಸಾವಂತ್ರಮ್ಮ, ಇಲ್ಲಿ ಕಾಲಿಡಬ್ಯಾಡ," ಎಂದು ಹೇಳಿ ಮಣ್ಣು ಮುಚ್ಚಿದ. ಮೇಲೆ ಕುಂಕುಮ ಮೆತ್ತಿದ ನಿಂಬೆಹಣ್ಣು ಇಟ್ಟ. ಕಾಣಬೇಕಾದದ್ದು ಅದೊಂದೇ.

ಮರುದಿನ ಬೆಳಿಗ್ಗೆ ಅವಳು ಬೀಗದ ಕೈ ತಂದು ಅವನ ಅಂಗೈಯಲ್ಲಿಟ್ಟಳು.

"ಯಾರೋ ನನಗೆ ಕೇಡು ಬಗದಾರೆ ಯಜಮಾನ್ರೆ. ಯಾರಂತ ತಿಳೀವಲ್ದು." ಹಿಂದಿರುಗಿ ಆ ಮನೆಯತ್ತ ನೋಡಿದಳು. "ನೀವು ಒಳ್ಳೇರು. ಆ ಹೊಸ್ತಿಲು ನೋಡಿ ದಾಟ್ರಿ."

ಅವನು ಬೀಗದ ಕೈ ನೋಡುತ್ತ ತಲೆ ಆಡಿಸಿದ.

ಗೃಹಪ್ರವೇಶದ ದಿನ ಬಾಗಿಲಿಗೆ ತೋರಣ ಕಟ್ಟಿದ್ದರು. ಒಳಗೆ ಹೆಂಡತಿ ಪ್ರೇಮಮ್ಮ ಒಲೆಯ ಮೇಲೆ ಹಾಲಿಟ್ಟಿದ್ದಳು. ಗೋಡೆಗಳಿಂದ ಇನ್ನೂ ಹುರಿದ ಮಂಡಕ್ಕಿಯ ವಾಸನೆ ಬರುತ್ತಿತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಒದ್ದೆ ಮಣ್ಣು, ಕೊಳೆತ ಬಟ್ಟೆ.

ವಿರೂಪಾಕ್ಷಪ್ಪ ಬಲಗಾಲು ಎತ್ತಿದ. ಹೊಸ್ತಿಲಾಚೆ ಇಟ್ಟ.

ಚುಚ್ಚಿತು. ಕಾಲು ಹಿಂದಕ್ಕೆಳೆದ. ನೆಲ ನೋಡಿದ. ಬರಿ ನೆಲ. ಮತ್ತೆ ಇಟ್ಟ. ಮೂಳೆಯವರೆಗೆ ಇಳಿಯಿತು. ಎಡಗಾಲಿಟ್ಟ. ಅದೇ ನೋವು. ಹಿತ್ತಿಲ ಬಾಗಿಲಿಗೆ ಓಡಿದ. ಅಲ್ಲೂ ಅದೇ. ಅಂಗಾಲಿನಲ್ಲಿ ರಕ್ತ. ಮುಳ್ಳಿಲ್ಲ.

ಒಳಗೆ ಹಾಲು ಉಕ್ಕಿತು. "ಬರ್ರೀ," ಎಂದಳು ಪ್ರೇಮಮ್ಮ.

ಅವನು ಹೊಸ್ತಿಲ ಬುಡ ಅಗೆದ. ಒಂದು ಮೊಳ, ಎರಡು ಮೊಳ. ಗೊಂಬೆ ಸಿಗಲಿಲ್ಲ. ಅಗೆದಂತೆಲ್ಲ ಕೊಳೆತ ಬಟ್ಟೆಯ ವಾಸನೆ ಇನ್ನೂ ಕೆಳಗಿನಿಂದ ಬರುತ್ತಿತ್ತು.

ಬೇರೆಯವರ ಮನೆಗಳಿಗೆ ಅವನು ಸಲೀಸಾಗಿ ಹೋಗಿಬರುತ್ತಿದ್ದ. ತನ್ನ ಮನೆಗೆ ಮಾತ್ರ ಆಗುತ್ತಿರಲಿಲ್ಲ. ಜಗಲಿಯ ಮೇಲೆ ಉಂಡ, ಜಗಲಿಯ ಮೇಲೆ ಮಲಗಿದ. ಬೀದಿಯವರು ನೋಡಿದರು, ಆಮೇಲೆ ನೋಡದಂತೆ ನಡೆದರು.

"ಆಯಮ್ಮನ್ನ ಕರೆದು ಹೇಳಿಬಿಡ್ರಿ. ಒಂದೇ ಮಾತು," ಎಂದ ನಾಗೇಂದ್ರಪ್ಪ.

"ಹೆಂಗೆ ಹೇಳಲಿ?"

ನಾಗೇಂದ್ರಪ್ಪ ಚಪ್ಪಲಿ ಮೆಟ್ಟಿಕೊಂಡು ಜಗಲಿ ಇಳಿದ.

ಪುಷ್ಯ ಮಾಸದ ಒಂದು ಸಂಜೆ ಸಾವಂತ್ರಮ್ಮ ತಾನಾಗಿಯೇ ಬಂದಳು. ಯಜಮಾನರಿಗೆ ಮೈಯಲ್ಲಿ ಹುಷಾರಿಲ್ಲವೆಂದು ಕೇಳಿದ್ದಳಂತೆ. ಮಡಿಲಲ್ಲಿ ಬಿಸಿ ಮಂಡಕ್ಕಿ ಕಟ್ಟಿಕೊಂಡು ತಂದಿದ್ದಳು. ಹೊಸ್ತಿಲ ಪಕ್ಕದಲ್ಲೇ ಕೂತಳು. ಅವಳ ಬಲಗೈ ಆ ಮಣ್ಣಿನ ಮೇಲೆಯೇ ಊರಿತ್ತು.

"ಯಾಕ್ರೀ ಯಜಮಾನ್ರೆ, ಈ ಚಳಿಯಾಗೆ ಹೊರಗೆ ಕುಂತೀರಿ?"

ಹೇಳಬೇಕು. ಈಗಲೇ. ಬಾಯಿ ತೆರೆದ. ಎದುರು ಮನೆಯವರು ಜಗಲಿಗೆ ಬಂದು ನಿಂತರು. ಒಳಗೆ ಪ್ರೇಮಮ್ಮನ ಬಳೆಯ ಸದ್ದು ನಿಂತಿತು. ಸಾವಂತ್ರಮ್ಮ ಅವನ ಮುಖವನ್ನೇ ನೋಡುತ್ತಿದ್ದಳು, ಕಾಳಜಿಯಿಂದ. ಅಂಗಾಲು ಉರಿಯಿತು. ಅದಕ್ಕಿಂತ ಮುಖ ಉರಿಯಿತು.

"ಒಳಗೆ ಸೆಖೆ ಕಣಮ್ಮ," ಎಂದ.

ಅವಳು ಮಂಡಕ್ಕಿ ಇಟ್ಟು, ಮಣ್ಣಿನ ಕೈ ಕೊಡವಿಕೊಂಡು ಎದ್ದು ಹೋದಳು. ಹೊಳೆಯ ಕಡೆಯಿಂದ ಗಾಳಿ ಬೀಸಿತು. ಪ್ರೇಮಮ್ಮ ಒಳಗಿನಿಂದ ಬಾಗಿಲು ಹಾಕಿಕೊಂಡಳು.