ಎಂಜಿನ್ ಮೇಲಿನ ಕಾಂಗರೂಗಳು

"ಅಜ್ಜಾ, ಇಲ್ಲಿ ಯು.ಎಸ್.ಎ. ಅಂತ ಇದೆ."

"ಹೂಂ," ಅಂದ ಅಜ್ಜ.

"ಹಂಗಂದ್ರೆ?"

"ಅಮೆರಿಕ."

"ಅದು ನಂಗೂ ಗೊತ್ತು. ನಮ್ ಕಾರಿನ ಎಂಜಿನ್ ಮೇಲೆ ಯಾಕಿದೆ?"

"ಅಲ್ಲಿಂದ ಬಂತಲ್ಲ, ಅದಕ್ಕೆ."

ನೆಲ್ ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನು ಕೆಳಗಿಟ್ಟಳು. ಅಜ್ಜ ಕಾರಿನ ಅಡಿಯಲ್ಲಿ ಮಲಗಿದ್ದ. ಹೊರಗೆ ಕಾಣುತ್ತಿದ್ದದ್ದು ಅವನ ಬೂಟುಗಳು ಮಾತ್ರ. ಹಾಗಾಗಿ ಅವಳು ಬೂಟುಗಳನ್ನೇ ದುರುಗುಟ್ಟಿ ನೋಡಿದಳು.

ಇದು ನೆಲ್‌ಳ ಅಮ್ಮ ಓಡಿಸುವ ಸ್ಪ್ರಿಂಟ್ ಕಾರು. ಕೊಳವೆಗಳ ಒಂದು ಗೂಡು, ಅದರ ಹೊಟ್ಟೆಯಲ್ಲಿ ಒಂದು ದೊಡ್ಡ ಎಂಜಿನ್, ತಲೆಯ ಮೇಲೊಂದು ಅಗಲವಾದ ರೆಕ್ಕೆ. ಅಷ್ಟೇ ಕಾರು. ಅದಕ್ಕೆ ಸ್ಟಾರ್ಟರ್ ಕೂಡ ಇಲ್ಲ. ಹಿಂದಿನಿಂದ ಪಿಕಪ್ ಗಾಡಿ ತಳ್ಳಿದರೆ ಮಾತ್ರ ಎಂಜಿನ್ ಎಚ್ಚರವಾಗುತ್ತದೆ. ಮಣ್ಣಿನ ಟ್ರ್ಯಾಕಿನಲ್ಲಿ ಅಡ್ಡಡ್ಡ ಜಾರುತ್ತ ಓಡುವ ಈ ಕಾರನ್ನು ಅಜ್ಜ ಇದೇ ಶೆಡ್ಡಿನಲ್ಲಿ ಮಾಡಿದ್ದ. ವಾಂಡಿಲ್ಲ ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ನೆಲ್ ಹೇಳಿದ್ದಳು.

ಅವಳು ಬಟ್ಟೆಯನ್ನು ಮತ್ತೆ ಎತ್ತಿಕೊಂಡು ಪೆಟ್ರೋಲ್ ಪಂಪನ್ನು ಒರೆಸಿದಳು. ಯು.ಎಸ್.ಎ. ಸ್ಟಿಯರಿಂಗ್ ಕೆಳಗೆ ನೋಡಿದಳು. ಯು.ಎಸ್.ಎ. ಮುಂದಿನ ಎರಡು ಚಕ್ರಗಳನ್ನು ಕೂಡಿಸುವ ಆಕ್ಸಲ್ ಮೇಲೂ ಅದೇ. ಕೊನೆಗೆ ಫ್ರೇಮಿನ ಒಂದು ಪೈಪಿನ ಬಣ್ಣವನ್ನು ಉಗುರಿನಿಂದ ಕೆರೆದಳು.

"ಅಜ್ಜಾ! ಪೈಪೂನಾ?"

"ಅಂಥ ಪೈಪ್ ನಮ್ ಕಡೆ ಮಾಡಲ್ಲ, ಪುಟ್ಟಿ."

"ಮತ್ತೆ ನೀನು ಮಾಡಿದ್ದಾದ್ರೂ ಏನು?"

ಬೂಟುಗಳು ಸ್ವಲ್ಪ ಹೊತ್ತು ಯೋಚನೆ ಮಾಡಿದವು.

"ಕತ್ತರಿಸ್ದೆ. ಬಗ್ಗಿಸ್ದೆ. ಬೆಸುಗೆ ಹಾಕ್ದೆ."

"ಅಷ್ಟೇನಾ?"

"ಅಷ್ಟೇ. ಆ ಹದಿಮೂರರ ಪಾನಾ ಕೊಡು."

ನೆಲ್ ಪಾನಾ ಕೊಟ್ಟಳು. ಅಜ್ಜನ ಬೆಸುಗೆ ಅವಳಿಗೆ ಚೆನ್ನಾಗಿ ಗೊತ್ತು. ನಾಣ್ಯಗಳನ್ನು ಒಂದರ ಮೇಲೊಂದು ಒರಗಿಸಿಟ್ಟ ಹಾಗೆ ಸಾಲಾಗಿ ಇರುತ್ತದೆ. ಕೊನೆಯಲ್ಲಿ ಮಾತ್ರ ಹಿಂದಕ್ಕೆ ತಿರುಗಿದ ಒಂದು ಪುಟ್ಟ ಕೊಂಕು. ಕೈ ಎತ್ತುವಾಗ ಸ್ವಲ್ಪ ಹಿಂದಕ್ಕೆ ಎಳೆಯುವುದು ಅವನ ಅಭ್ಯಾಸ. ಬೆಸುಗೆ ಚೆನ್ನಾಗಿಯೇ ಇದೆ. ಆದರೆ ಕ್ಲಾಸಿನಲ್ಲಿ ಅವಳು ಹೇಳಿದ್ದು ಬೆಸುಗೆಯ ವಿಷಯವಲ್ಲ.

ಆ ವಾರ ಕ್ಲಾಸಿನಲ್ಲಿ 'ಊರಲ್ಲೇ ಮಾಡಿದ್ದು' ಎಂಬ ಪ್ರಾಜೆಕ್ಟ್ ನಡೆದಿತ್ತು. ಮಿಸ್ ಪಪಡಾಕಿಸ್ ಎಲ್ಲರಿಗೂ ಒಂದೊಂದು ಹಾಳೆ ಕಾಂಗರೂ ಸ್ಟಿಕರ್ ಕೊಟ್ಟಿದ್ದರು. ಊರಲ್ಲೇ ಮಾಡಿದ ವಸ್ತುವಿನ ಮೇಲೆ ಅಂಟಿಸಬೇಕು. ಒಬ್ಬಳು ಏಪ್ರಿಕಾಟ್ ಜಾಮ್ ತಂದಳು. ಒಬ್ಬ ತನ್ನ ಅಜ್ಜಿ ಹೆಣೆದ ಕಾಲುಚೀಲ ತಂದ. ಇನ್ನೊಬ್ಬ ತನ್ನ ತಮ್ಮನನ್ನೇ ತಂದು, "ಇವ್ನು ನಮ್ಮೂರ ಆಸ್ಪತ್ರೇಲೇ ಹುಟ್ಟಿದ್ದು ಮಿಸ್," ಅಂದ. ತಮ್ಮನ ಹಣೆಯ ಮೇಲೆ ಆಗಲೇ ಕಾಂಗರೂ ಇತ್ತು.

ನೆಲ್ ಎದ್ದು ನಿಂತು, "ನಮ್ ಕಾರು ತರಕ್ಕಾಗಲ್ಲ. ಆದ್ರೆ ಅದ್ರಲ್ಲಿ ಒಂದು ನಟ್ಟೂ ಹೊರಗಿಂದಲ್ಲ. ಎಲ್ಲಾ ನಮ್ಮಜ್ಜನೇ ಮಾಡಿದ್ದು," ಅಂದಳು.

"ಕಾಗೆ ಹಾರಿಸ್ಬೇಡ," ಅಂದ ಹಿಂದಿನ ಬೆಂಚಿನ ಲಾಕಿ.

ಲಾಕಿಯ ಅಪ್ಪ ಬೆವನ್ ಕೂಡ ಸ್ಪ್ರಿಂಟ್ ಕಾರು ಓಡಿಸುತ್ತಾನೆ. ಅವನ ಕಾರಿನ ಫ್ರೇಮ್ ಅಮೆರಿಕದಿಂದ ಹಡಗಿನಲ್ಲಿ, ಪೆಟ್ಟಿಗೆಯೊಳಗೆ ಬಂದದ್ದು. ಆ ಪೆಟ್ಟಿಗೆಯನ್ನು ಲಾಕಿ ಇನ್ನೂ ಎಸೆದಿರಲಿಲ್ಲ. ಒಮ್ಮೊಮ್ಮೆ ಅದರೊಳಗೆ ಮಲಗುತ್ತಿದ್ದ.

"ಬೇಕಾದ್ರೆ ಬೆಟ್!" ಅಂದಳು ನೆಲ್. "ಹೊರಗಿಂದು ಒಂದೇ ಒಂದು ಪಾರ್ಟ್ ಸಿಕ್ರೂ ಈ ಸೀಸನ್ ಪೂರ್ತಿ ನಿಮ್ಮಪ್ಪನ್ ಕಾರಿನ್ ಮಣ್ಣು ನಾನೇ ಕೆರೀತೀನಿ. ಸಿಗ್ಲಿಲ್ಲ ಅಂದ್ರೆ ನಮ್ದು ನೀನು ಕೆರೀಬೇಕು."

"ಸರಿ. ಶನಿವಾರ ನಾನೇ ಬಂದು ನೋಡ್ತೀನಿ."

ಮಣ್ಣು ಕೆರೆಯುವುದು ಅಂದರೆ ಹುಡುಗಾಟವಲ್ಲ. ಒದ್ದೆ ಜೇಡಿಮಣ್ಣಿನಲ್ಲಿ ಒಂದು ರೇಸ್ ಓಡಿದರೆ ಕಾರು ಎರಡು ಆಡಿನಷ್ಟು ಭಾರ ಹೆಚ್ಚಿಕೊಂಡು ಬರುತ್ತದೆ. ಸೀಸನ್ ಈಗಷ್ಟೇ ಶುರುವಾಗಿತ್ತು.

ಆದರೆ ನೆಲ್‌ಗೆ ಭಯವಿದ್ದದ್ದು ಮಣ್ಣಿನದಲ್ಲ. ಲಾಕಿ ನೋಡುತ್ತಾನೆ, ಎಲ್ಲರಿಗೂ ಹೇಳುತ್ತಾನೆ, ಆಮೇಲೆ ಎಲ್ಲರೂ ಅಜ್ಜನನ್ನು ನೋಡಿ ನಗುತ್ತಾರೆ. ಅದನ್ನು ನೆನೆದರೆ ಅವಳಿಗೆ ಅಳುವೇ ಬರುತ್ತಿತ್ತು.

ಅಜ್ಜ ಟೀ ಕುಡಿಯಲು ಒಳಗೆ ಹೋದಾಗ ಅವಳು ಕಾಂಗರೂ ಹಾಳೆಯನ್ನು ತೆಗೆದಳು. ಎಲ್ಲೆಲ್ಲಿ ಆ ಮೂರು ಅಕ್ಷರ ಇತ್ತೋ ಅಲ್ಲೆಲ್ಲ ಒಂದೊಂದು ಕಾಂಗರೂ ಅಂಟಿಸಿದಳು. ಹಾಳೆಯಲ್ಲಿ ಒಂದೇ ಒಂದು ಉಳಿಯಿತು.

ಶನಿವಾರ ಸಂಜೆ ಟ್ರ್ಯಾಕಿನ ಒಳಗೆ, ಕಾರುಗಳು ಸಾಲಾಗಿ ನಿಲ್ಲುವ ಜಾಗದಲ್ಲಿ ಲಾಕಿ ಕಾರನ್ನು ಒಂದು ಸುತ್ತು ಹಾಕಿದ. ಬಿಸಿಲು ಇನ್ನೂ ಚುರುಕಾಗಿತ್ತು.

"ಪಂಪ್ ಮೇಲೆ ಯಾಕೆ ಕಾಂಗರೂ?"

"ಚೆಂದಕ್ಕೆ."

"ಆಕ್ಸಲ್ ಮೇಲೆ?"

"ಅದೂ ಚೆಂದಕ್ಕೆ."

"ಎಂಜಿನ್ ಅಡೀಲಿ? ಅಲ್ಲಿ ಯಾರಿಗೆ ಕಾಣತ್ತೆ?"

"ಅಡೀಲಿ ಮಲಗೋರಿಗೆ," ಅಂದಳು ನೆಲ್. "ಸ್ಟಿಕರ್ ಕೀಳೋ ಹಂಗಿಲ್ಲ. ಅದು ರೂಲ್ಸಲ್ಲಿ ಇಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಲಾಕಿ ಕಣ್ಣು ಸಣ್ಣ ಮಾಡಿ ನೋಡಿದ. ಆದರೆ ಅಷ್ಟರಲ್ಲಿ ಅಮ್ಮ ಹೆಲ್ಮೆಟ್ ಹಾಕಿಕೊಂಡು ಬಂದಳು. ಪಿಕಪ್ ಬಂದು ಕಾರನ್ನು ತಳ್ಳಿಕೊಂಡು ಹೋಯಿತು. ಅದು ಮೊದಲ ಸುತ್ತಿನ ರೇಸ್. ಫೈನಲ್ ಆಮೇಲೆ.

ಅಪ್ಪ ರೇಸ್ ನೋಡುವುದಿಲ್ಲ. ಅಮ್ಮ ಟ್ರ್ಯಾಕಿಗಿಳಿದ ಕೂಡಲೇ ಕ್ಯಾಂಟೀನಿಗೆ ಹೋಗಿ ಚಿಪ್ಸ್ ಕರಿಯಲು ನಿಲ್ಲುತ್ತಾನೆ. ರೇಸ್ ಹೇಗೆ ನಡೆದಿದೆ ಅನ್ನುವುದನ್ನು ಚಿಪ್ಸ್ ಎಷ್ಟು ಕಪ್ಪಾಗಿದೆ ಅನ್ನುವುದರಿಂದ ತಿಳಿಯಬಹುದು.

ಆ ಸಂಜೆ ಮೊದಲ ಬಾಣಲೆಯೇ ಸೀದುಹೋಯಿತು. ಮುಂದಿದ್ದ ಕಾರೊಂದು ತಿರುವಿನಲ್ಲಿ ಗಿರಕಿ ಹೊಡೆಯಿತು. ಅಮ್ಮನ ಕಾರು ಹೋಗಿ ಅದಕ್ಕೆ ಬಡಿಯಿತು.

ಅಮ್ಮನಿಗೆ ಏನೂ ಆಗಲಿಲ್ಲ. ಕಾರನ್ನು ಮಾತ್ರ ಎತ್ತಿಕೊಂಡು ಬಂದರು. ಮುಂದಿನ ಒಂದು ಚಕ್ರ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ನೋಡುತ್ತಿತ್ತು.

ಅಜ್ಜ ಮಂಡಿಯೂರಿ ನೋಡಿ, "ಆಕ್ಸಲ್ ಬಗ್ಗಿದೆ," ಅಂದ.

"ಇನ್ನೊಂದಿದೆಯಲ್ಲ?" ಅಂದಳು ಅಮ್ಮ.

"ಇತ್ತು. ಹೋದ್ ವಾರ ನೀನೇ ಬಗ್ಗಿಸ್ದೆ."

ಅಮ್ಮ ಹೆಲ್ಮೆಟ್ ತೆಗೆದು ಟೈರಿನ ಮೇಲೆ ಕೂತಳು. ಆಕ್ಸಲ್ ಇಲ್ಲದಿದ್ದರೆ ಫೈನಲ್ ಇಲ್ಲ.

ಆಗ ಪಟ್ ಎಂದು ಒಂದು ಸಣ್ಣ ಸದ್ದಾಯಿತು. ಎಂಜಿನ್ ಇನ್ನೂ ಕಾದ ಕಾವಲಿಯ ಹಾಗೆ ಬಿಸಿಯಾಗಿತ್ತು. ಪಂಪಿನ ಮೇಲಿದ್ದ ಕಾಂಗರೂ ಬಾಲದಿಂದ ಸುರುಳಿ ಸುತ್ತಿಕೊಂಡು ಕೆಳಗೆ ಬಿತ್ತು. ಹಿಂದೆಯೇ ಇನ್ನೊಂದು. ಆಮೇಲೆ ಮತ್ತೊಂದು.

ಲಾಕಿ ಅಲ್ಲೇ ನಿಂತಿದ್ದ.

"ಯು.ಎಸ್.ಎ.," ಎಂದು ಓದಿದ. ಬಗ್ಗಿ ನೋಡಿದ. "ಇಲ್ಲೂ ಯು.ಎಸ್.ಎ."

"ಇಷ್ಟೊಂದು ಕಾಂಗರೂ ಯಾರು ಸಾಕಿದ್ದು?" ಅಂದ ಅಜ್ಜ.

ನೆಲ್‌ಳ ಕಿವಿ ಎಂಜಿನ್ನಿಗಿಂತ ಬಿಸಿಯಾಗಿತ್ತು. ಲಾಕಿ ಒಮ್ಮೆ ಅವಳನ್ನು ನೋಡಿದ, ಒಮ್ಮೆ ಬಗ್ಗಿದ ಆಕ್ಸಲ್ ನೋಡಿದ. ತಿರುಗಿ ಓಡಿಹೋದ.

ಹೋಯಿತು, ಮುಗಿಯಿತು, ಈಗ ಇಡೀ ಟ್ರ್ಯಾಕಿಗೆ ಸಾರಿಬಿಡುತ್ತಾನೆ ಎಂದುಕೊಂಡಳು ನೆಲ್. ಅವಳ ಕಣ್ಣು ತುಂಬಿತು. "ಸಾರಿ ಅಜ್ಜ," ಅಂದಳು.

"ಯಾಕೆ? ಆಕ್ಸಲ್ ನೀನು ಬಗ್ಗಿಸ್ಲಿಲ್ವಲ್ಲ."

ಲಾಕಿ ತಿರುಗಿ ಬಂದ. ಒಬ್ಬನೇ ಅಲ್ಲ, ಅವನ ಅಪ್ಪ ಬೆವನ್ ಕೂಡ ಇದ್ದ. ಇಬ್ಬರ ಹೆಗಲ ಮೇಲೆ, ಆ ತುದಿ ಈ ತುದಿ, ಹೊಸದಾಗಿ ಹೊಳೆಯುವ ಆಕ್ಸಲ್ ಇತ್ತು. ಬೆವನ್ ಎತ್ತರ, ಲಾಕಿ ಗಿಡ್ಡ. ಹಾಗಾಗಿ ಅದು ಇಳಿಜಾರಾಗಿ ಬರುತ್ತಿತ್ತು.

"ಆರ್ನೊ, ಇದು ಆಗತ್ತಾ ನೋಡಿ," ಎಂದ ಬೆವನ್ ಅಜ್ಜನಿಗೆ. "ಪೆಟ್ಟಿಗೇಲಿ ಜೊತೆಗೆ ಬಂದಿದ್ದು."

"ಆಗ್ದೆ ಏನು?" ಅಂದ ಅಜ್ಜ.

ಬೆವನ್ ಚಕ್ರ ಬಿಚ್ಚಿದ. ಅಮ್ಮ ಬೋಲ್ಟ್ ಬಿಚ್ಚಿದಳು. ನೆಲ್ ಟಾರ್ಚ್ ಹಿಡಿದಳು, ಲಾಕಿ ನಟ್ಟುಗಳನ್ನು ಟೋಪಿಯಲ್ಲಿ ಹಿಡಿದ. ಅಮೆರಿಕದ ಪೆಟ್ಟಿಗೆಯಿಂದ ಬಂದ ಆಕ್ಸಲ್ ಅಜ್ಜನ ಶೆಡ್ಡಿನ ಫ್ರೇಮಿಗೆ ತೂತಿಗೆ ತೂತು ಸರಿಯಾಗಿ ಕೂತಿತು. ಸುತ್ತಿಗೆಯ ಒಂದು ಏಟೂ ಬೇಕಾಗಲಿಲ್ಲ.

ನೆಲ್ ಟಾರ್ಚನ್ನು ಹತ್ತಿರ ತಂದಳು.

"ಅಜ್ಜ, ಅವ್ರದ್ದು ನಮ್ದಕ್ಕೆ ಹೆಂಗೆ ಕೂರ್ತು?"

"ಅವ್ರ ಅಳತೇಲೇ ಮಾಡಿದೀನಲ್ಲ."

"ಯಾಕೆ? ನಿನ್ನ ಅಳತೆ ಇರ್ಲಿಲ್ವಾ?"

"ಇತ್ತು. ನನ್ನ ಮೊದಲ್ನೇ ಕಾರು ಪೂರ್ತಿ ನನ್ನ ಅಳತೇದೇ." ಅಜ್ಜ ಬೋಲ್ಟ್ ಬಿಗಿ ಮಾಡುತ್ತಲೇ ಹೇಳಿದ. "ಹಿಂಗೇ ಒಂದಿನ ಆಕ್ಸಲ್ ಬಗ್ತು. ಇಲ್ಲೇ, ಈ ಸಾಲಲ್ಲೇ ಒಬ್ಬೊಬ್ಬರನ್ನೂ ಕೇಳ್ದೆ. ಪಾಪ, ಎಲ್ರೂ ಕೊಟ್ರು."

"ಆಮೇಲೆ?"

"ಒಂದೂ ಕೂರ್ಲಿಲ್ಲ. ಬೇಲಿ ಮೇಲೆ ಕೂತು ಚಿಪ್ಸ್ ತಿಂದೆ." ಅಜ್ಜ ಎದ್ದು ಮಂಡಿ ಒರೆಸಿಕೊಂಡ. "ಹೂಂ, ತಳ್ರಪ್ಪಾ."

ಫೈನಲ್‌ನಲ್ಲಿ ಅಮ್ಮ ನಾಲ್ಕನೆಯವಳಾಗಿ ಬಂದಳು. ಕೊನೆಯ ಸುತ್ತಿನಲ್ಲಿ ಬೆವನ್‌ನ ಕಾರನ್ನೇ ಹಿಂದೆ ಹಾಕಿದ್ದಳು. ಬೆವನ್ ಹೆಲ್ಮೆಟ್ ತೆಗೆದವನೇ ನೇರವಾಗಿ ಅಮ್ಮನ ಹತ್ತಿರ ಬಂದ.

"ನನ್ನ ಆಕ್ಸಲ್ ವಾಪಸ್ ಕೊಡು."

"ನಾಳೆ ಕೊಡ್ತೀನಿ," ಅಂದಳು ಅಮ್ಮ. "ಇವತ್ತು ಅದು ಖುಷೀಲಿದೆ."

"ಐದನೆಯವನಾದ್ರೂ ನಾನೇನು ಸೋತಿಲ್ಲ. ಗೆದ್ದಿದ್ದು ನನ್ನ ಆಕ್ಸಲ್ಲು," ಅಂದ ಬೆವನ್.

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ," ಅಂದ ಅಜ್ಜ. ಬೆವನ್‌ನ ಮೀಸೆ ತುಂಬ ಮಣ್ಣೇ ಇತ್ತು. ಅಪ್ಪ ಎಲ್ಲರಿಗೂ ಚಿಪ್ಸ್ ತಂದ. ಎಲ್ಲವೂ ಕರಕಲಾಗಿದ್ದವು. ಅದರಲ್ಲೂ ಕೊನೆಯ ಸುತ್ತಿನವು ಇದ್ದಿಲೇ.

ನೆಲ್ ಚಿಪ್ಸ್ ಬಿಟ್ಟು ಮಣ್ಣು ಕೆರೆಯುವ ಕೆರಕ ತೆಗೆದುಕೊಂಡಳು. ಯಾರೂ ಹೇಳಿರಲಿಲ್ಲ. ಲಾಕಿಯೂ ಕೇಳಿರಲಿಲ್ಲ. ಅವಳು ತಾನಾಗಿಯೇ ಬೆವನ್‌ನ ಕಾರಿನ ಹತ್ತಿರ ಹೋಗಿ ಮುಂದಿನಿಂದ ಕೆರೆಯಲು ಶುರು ಮಾಡಿದಳು. ಮಣ್ಣು ಹೆಂಟೆ ಹೆಂಟೆಯಾಗಿ ಉದುರಿತು. ಮೂಗಿಗೂ ಹೋಯಿತು. ಲಾಕಿ ಟೈರಿನ ಮೇಲೆ ಕೂತು ನೋಡುತ್ತಿದ್ದ.

"ಆ ಮೂಲೇಲಿ ಉಳೀತು," ಅಂದ.

"ಕಾಣತ್ತೆ."

"ಕ್ಲಾಸಲ್ಲಿ ನಾನೇನೂ ಹೇಳಲ್ಲ," ಅಂದ ಲಾಕಿ.

"ನಾನೇ ಹೇಳ್ತೀನಿ," ಅಂದಳು ನೆಲ್.

ಸೀಟಿನ ಪಕ್ಕದ ಪೈಪುಗಳಿಗೆ ಬಂದಾಗ ಅವಳ ಕೈ ನಿಂತಿತು. ಮಣ್ಣಿನ ಕೆಳಗೆ ಒಂದು ಬೆಸುಗೆ ಇತ್ತು. ಅವಳು ಅಂಗಿಯ ತೋಳಿನಿಂದ ಒರೆಸಿದಳು. ಒರಗಿಸಿಟ್ಟ ನಾಣ್ಯಗಳ ಸಾಲು. ಕೊನೆಯಲ್ಲಿ ಹಿಂದಕ್ಕೆ ತಿರುಗಿದ ಒಂದು ಪುಟ್ಟ ಕೊಂಕು.

"ಲಾಕಿ, ಇಲ್ಲಿ ಏನಾಗಿತ್ತು?"

"ಅದಾ? ಕಾರು ಬಂದಾಗ ಅಪ್ಪ ಕೂರಕ್ಕೆ ಹೋದ್ರೆ ಹೊಟ್ಟೆ ಹಿಡಿಸ್ಲಿಲ್ಲ. ಅಲ್ಲಿಯವ್ರು ಸಣ್ಣ ಇರ್ತಾರಂತೆ. ಆಮೇಲೆ ಯಾರ ಹತ್ರಾನೋ ಕೊಟ್ಟು ಅಗಲ ಮಾಡ್ಸಿದ್ರು."

"ಯಾರ ಹತ್ರ?"

"ಗೊತ್ತಿಲ್ಲ. ಯಾಕೆ?"

ನೆಲ್ ಆ ಕೊಂಕನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅಲ್ಲಿಂದಲೇ ಕತ್ತೆತ್ತಿ ಅಜ್ಜನನ್ನು ನೋಡಿದಳು. ಅವನು ಬೆವನ್ ಜೊತೆ ಕರಕಲು ಚಿಪ್ಸ್ ತಿನ್ನುತ್ತಿದ್ದ. ಈ ಬೆಸುಗೆಯ ವಿಷಯ ಅವನು ಮನೆಯಲ್ಲಿ ಒಂದು ದಿನವೂ ಹೇಳಿರಲಿಲ್ಲ. ಲಾಕಿ ಯು.ಎಸ್.ಎ. ಎಂದು ಓದಿದಾಗಲೂ ಹೇಳಿರಲಿಲ್ಲ.

ಜೇಬಿನಲ್ಲಿ ಆ ಕೊನೆಯ ಕಾಂಗರೂ ಇತ್ತು. ಅವಳು ಅದನ್ನು ಬೆಸುಗೆಯ ಪಕ್ಕದಲ್ಲಿ, ಬೆಸುಗೆ ಮುಚ್ಚಿಹೋಗದ ಹಾಗೆ ಅಂಟಿಸಿದಳು.

ಲಾಕಿ ಎದ್ದು ಬಂದು ನೋಡಿದ. ಮೊದಲು ಕಾಂಗರೂ ನೋಡಿದ, ಆಮೇಲೆ ಬೆಸುಗೆ ನೋಡಿದ. ಆಮೇಲೆ ಪಕ್ಕದಲ್ಲಿ ನಿಂತಿದ್ದ ನೆಲ್ ಮನೆಯವರ ಕಾರಿನ ಫ್ರೇಮ್ ನೋಡಿದ. ಅಲ್ಲೂ ಅದೇ ಕೊಂಕು.

"ಮುಂದಿನ್ ವಾರ ಮಣ್ಣು ಮೆತ್ತಿದ್ರೆ ಅದು ಕಾಣಲ್ಲ," ಅಂದ.

"ಕೆರೆದ್ರೆ ಕಾಣತ್ತೆ," ಅಂದಳು ನೆಲ್.

ಲಾಕಿ ಸಾಮಾನಿನ ಪೆಟ್ಟಿಗೆಯಿಂದ ಇನ್ನೊಂದು ಕೆರಕ ತೆಗೆದುಕೊಂಡು, ನೆಲ್‌ಳ ಅಮ್ಮನ ಕಾರಿನ ಕಡೆಗೆ ಹೋದ.