ಸಹಿ ಹಾಕುವ ಮುಂಚೆ ಅವನು ನಕ್ಕ

"ಕೈ ಅಲ್ಲಾಡಿಸಬೇಡಿ ಅಂತ ಎಷ್ಟು ಸಲ ಹೇಳ್ಲಿ?"

ಎಕ್ಸ್‌-ರೇ ಮೇಜಿನ ಮೇಲೆ ಊದಿದ ಮಣಿಕಟ್ಟು ಇಟ್ಟುಕೊಂಡು ಕೂತಿದ್ದವನು ನಕ್ಕ.

"ನಗೋ ಅಂಥದ್ದೇನಾಯ್ತು?"

"ಏನಿಲ್ಲ... ತುಂಬಾ ನೋಯ್ತಿದೆ."

ನೋವಾದರೆ ನಗುವವನನ್ನು ಎಕ್ಸ್‌-ರೇ ತೆಗೆಯುವ ಆರು ವರ್ಷದ ಕೆಲಸದಲ್ಲಿ ಅವಳು ಕಂಡಿರಲಿಲ್ಲ. ಅವನು ಅದೇ ಆಸ್ಪತ್ರೆಯ ಲಿಫ್ಟ್ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್. ಏಣಿ ಜಾರಿತ್ತು. ಫಿಲ್ಮ್ ನೋಡಿದಾಗ ಹೊಸ ಮುರಿತದ ಮೇಲೆ ಇನ್ನೊಂದು, ಎಂದೋ ಮುರಿದು ಕೂಡಿಕೊಂಡ ಗುರುತು ಕಾಣಿಸಿತು.

"ಇದು ಯಾವಾಗಿಂದು?"

"ಹನ್ನೊಂದನೇ ವಯಸ್ಸಿಂದು. ಮನೇಲಿ ಬಿದ್ದೆ" ಅಂದ. ಮತ್ತೆ ನಕ್ಕ.

ಇವನು ಸುಳ್ಳು ಹೇಳ್ತಿದ್ದಾನೆ ಅಂತ ಅವಳಿಗೆ ಆಗಲೇ ಅನ್ನಿಸಿತ್ತು. ಕೇಳಲಿಲ್ಲ. ಕೇಳಬೇಕಿತ್ತು.

ಕೈ ವಾಸಿಯಾದ ಮೇಲೂ ಆಸ್ಪತ್ರೆಯ ಲಿಫ್ಟ್ ಯಾಕೋ ವಾರಕ್ಕೊಮ್ಮೆ ಕೆಡತೊಡಗಿತು. ನರ್ಸ್‌ಗಳು ಮುಸಿಮುಸಿ ನಕ್ಕರು. ಎರಡು ವರ್ಷ ಹೀಗೇ ಕಳೆಯಿತು. ಅವಳ ಅಮ್ಮ ಹಾಸ್ಟೆಲ್ ಒಂದರಲ್ಲಿ ಅಡುಗೆಯವಳು. ಭಾನುವಾರ ಬಂದರೆ ಅವನಿಗೂ ಒಂದು ತಟ್ಟೆ ಇಡುತ್ತಿದ್ದಳು.

ಮದುವೆಯಲ್ಲಿ ಪೂಜೆ, ಪುರೋಹಿತರು ಯಾವುದೂ ಬೇಡವೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಅವಳಿಗೆ ದೇವರ ಮೇಲಿನ ನಂಬಿಕೆ ಅಪ್ಪನ ಜೊತೆಗೇ ಹೋಗಿತ್ತು. ಅಪ್ಪ ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದರು. ಅಮ್ಮ ಅಷ್ಟೂ ವರ್ಷ ದಿನಾ ಬೆಳಿಗ್ಗೆ ಕಣ್ಣುಮುಚ್ಚಿ ಬೇಡಿಕೊಂಡಿದ್ದಳು, ಅಪ್ಪ ಉಳಿಯಲಿಲ್ಲ. ಅಮ್ಮ ಮಾತ್ರ ಬೇಡುವುದನ್ನು ಬಿಡಲಿಲ್ಲ. ಅವಳು ಈ ಮಾತನ್ನು ಹೇಳಿದ್ದು ಅವನೊಬ್ಬನ ಹತ್ತಿರ.

ಅವನ ಅಪ್ಪನನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ನಿವೃತ್ತ ಶಾಲಾ ಶಿಕ್ಷಕರು. ಮೂಢನಂಬಿಕೆಯ ವಿರುದ್ಧ ಅವರು ಮಾತಾಡುತ್ತಾರೆಂದರೆ ಸಭಾಂಗಣ ತುಂಬುತ್ತಿತ್ತು. ಮಗನ ಮದುವೆಯೂ ಅದೇ ಸಭಾಂಗಣದಲ್ಲಿ ಅಂತ ಅವರೇ ಗೊತ್ತುಮಾಡಿದರು.

ವೇದಿಕೆಯ ಮೇಲೆ ಮೇಜು, ಮೇಜಿನ ಮೇಲೆ ನೋಂದಣಿ ಪುಸ್ತಕ. ಇಬ್ಬರೂ ಬರೆದು ತಂದ ಮಾತು ಓದುವುದು, ಸಹಿ ಹಾಕುವುದು, ಆಮೇಲೆ ಊಟ. ಅಷ್ಟೇ ಮದುವೆ.

ಅವಳು ಓದಿ ಮುಗಿಸಿ ಪೆನ್ನು ಕೈಗೆತ್ತಿಕೊಂಡಳು. ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ಕಣ್ಣು ಮುಚ್ಚಿದಳು. ತುಟಿ ಮೆಲ್ಲಗೆ ಅಲ್ಲಾಡಿತು.

ಮೇಷ್ಟ್ರು ಮೈಕ್ ಹಿಡಿದರು.

"ಒಂದು ನಿಮಿಷ. ನಮ್ಮ ಬೀಗಿತ್ತಿ ಇಲ್ಲೂ ಯಾರಿಗೋ ಅರ್ಜಿ ಹಾಕ್ತಿದ್ದಾರೆ, ನೋಡಿ."

ಇನ್ನೂರು ತಲೆಗಳು ತಿರುಗಿದವು. ಅಮ್ಮ ಬೆಚ್ಚಿ ಕಣ್ಣು ಬಿಟ್ಟಳು.

"ಗಂಡನಿಗೋಸ್ಕರ ಹನ್ನೊಂದು ವರ್ಷ ಹೀಗೇ ತುಟಿ ಅಲ್ಲಾಡಿಸಿದ್ರಂತೆ. ಆತ ಬದುಕಿದ್ರಾ? ಇಲ್ಲ. ಈಗ ಅದೇ ಔಷಧಿ ಮಗಳಿಗೂ ಯಾಕಮ್ಮ?"

ಸಭೆ ಗೊಳ್ಳೆಂದಿತು. ಈ ಮಾತು ಇವರಿಗೆ ಹೇಗೆ ಗೊತ್ತು... ಅವಳು ಪಕ್ಕಕ್ಕೆ ತಿರುಗಿದಳು.

ಅವನು ನಗುತ್ತಿದ್ದ.

ಅವಳು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಕೆಳಗಿಳಿದು ಅಮ್ಮನ ಕೈ ಹಿಡಿದು, ಜನರ ನಡುವೆ ದಾರಿ ಬಿಡಿಸಿಕೊಂಡು ಹೊರಗೆ ನಡೆದಳು.

ಮೂರು ವಾರ ಫೋನ್ ಎತ್ತಲಿಲ್ಲ. ಕೊನೆಗೆ ಅವನೇ ಎಕ್ಸ್‌-ರೇ ಕೋಣೆಯ ಬಾಗಿಲಿಗೆ ಬಂದು ನಿಂತ. ಗಡ್ಡ ಬೆಳೆದಿತ್ತು.

"ಅಪ್ಪನ ಹತ್ರ ಆ ಮಾತು ಹೇಳಿದ್ದು ನಿಜ. ತುಂಬಾ ನೊಂದಿರೋ ಜೀವ, ಅವರನ್ನ ಏನೂ ಅನ್ಬೇಡಿ ಅಂತ ಕೇಳ್ಕೊಳ್ಳೋಕೆ ಹೇಳಿದ್ದು. ಅವರು ಅದನ್ನೇ ಹೀಗೆ..."

"ಮತ್ತೆ ನಗು? ಅದೂ ಅಮ್ಮನ ಒಳ್ಳೇದಕ್ಕಾ?"

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಅಮ್ಮ ಬೇಡ್ಕೊಳ್ಳೋದು ಬಿಟ್ಟಿದ್ದಾಳೆ, ಗೊತ್ತಾ? ಕಣ್ಣು ಮುಚ್ಚಿದ್ರೆ ಆ ನಗುವೇ ಕೇಳ್ಸುತ್ತಂತೆ. ಅಪ್ಪ ಸತ್ತಾಗಲೂ ಬಿಡದೇ ಇದ್ದಿದ್ದನ್ನ ನೀವು ಅಪ್ಪ ಮಗ ಸೇರಿ ಬಿಡಿಸಿದ್ರಿ. ಸಾಧಿಸಿದ್ರಿ ಬಿಡು."

ಅವನು ಗೋಡೆಗೆ ಒರಗಿದ. ಆಮೇಲೆ ಕೇಳಿದ, "ಈ ಭಾನುವಾರ ಅಪ್ಪನ ಸಭೆ ಇದೆ. ಬಾಗಿಲ ಹತ್ರ ನಿಂತ್ರೂ ಸಾಕು, ಬರ್ತೀಯಾ?"

ಅವಳು ಮುಂದಿನ ರೋಗಿಯನ್ನು ಕರೆದಳು. ಆದರೆ ಭಾನುವಾರ ಹೋದಳು.

ಮೇಷ್ಟ್ರ ಭಾಷಣದ ನಡುವೆ ಅವನು ವೇದಿಕೆ ಹತ್ತಿ ಇನ್ನೊಂದು ಮೈಕ್ ತೆಗೆದುಕೊಂಡ.

"ಅವತ್ತು ನಿಮ್ಮ ಜೊತೆ ನಾನೂ ನಕ್ಕೆ. ಹನ್ನೊಂದನೇ ವಯಸ್ಸಲ್ಲಿ ಇವರು ಕೋಲಲ್ಲಿ ಹೊಡೆದು ನನ್ನ ಕೈ ಮುರಿದಾಗ, ಅಳಬೇಡ ನಗು, ಅಳೋದು ದುರ್ಬಲರು ಅಂದಿದ್ರು. ನಗೋ ತನಕ ಹೊಡೆದ್ರು. ಆಮೇಲೆ ನನಗೆ ನೋವಾದ್ರೂ, ಇವರು ಯಾರಿಗೆ ನೋವು ಮಾಡಿದ್ರೂ ನಗುವೇ ಬರುತ್ತೆ. ಆದ್ರೂ ಆ ತಾಯಿ ಎದುರು ನಕ್ಕಿದ್ದು ನನ್ನ ಬಾಯಿ. ತಪ್ಪು ನಂದು."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು.

"ಹುಡುಗಿ ಕೈಕೊಟ್ಟ ಮೇಲೆ ಪಾಪ, ತಲೆ ಕೆಟ್ಟಿದೆ" ಅಂದರು. "ಮನೆ ಕೀಲಿ ಇಟ್ಟು ಹೋಗು."

ಸಭೆ ಮತ್ತೆ ನಕ್ಕಿತು, ಈ ಸಲ ಅವನನ್ನು ನೋಡಿ. ಅವನು ನಗಲಿಲ್ಲ. ಕೀಲಿ ಇಟ್ಟು ಇಳಿದು ಬಂದ. ಮುಖವೆಲ್ಲ ಒದ್ದೆಯಾಗಿತ್ತು.

ಬಾಗಿಲ ಹತ್ತಿರ ಅವಳು ನಿಂತಿದ್ದಳು. ಅವನ ಎಡಗೈ ಹಿಡಿದು, ಹಳೆಯ ಮುರಿತವಿದ್ದ ಜಾಗದ ಮೇಲೆ ಹೆಬ್ಬೆರಳಿಟ್ಟಳು. ಇಷ್ಟು ದಿನ ನನ್ನ ಕಣ್ಣ ಮುಂದೇ ಇತ್ತಲ್ಲ...

ಅಮ್ಮ ಅಷ್ಟು ಸುಲಭಕ್ಕೆ ಕರಗಲಿಲ್ಲ. ಕ್ಷಮೆ ಕೇಳಲು ಬಂದು ಹೊಸ್ತಿಲ ಆಚೆ ನಿಂತವನಿಗೆ ನೇರವಾಗಿ ಹೇಳಿದಳು:

"ನಿಮ್ಮಪ್ಪನ ಮೇಲೆ ನನಗೆ ಸಿಟ್ಟಿಲ್ಲಪ್ಪ. ಅವರು ಯಾರೋ. ನಿನಗೆ ನಾನು ಎರಡು ವರ್ಷ ಊಟ ಬಡಿಸಿದ್ದೆ."

ಅವನು ತಲೆ ತಗ್ಗಿಸಿದ. ಅಮ್ಮ ಬಾಗಿಲು ಹಾಕಿಕೊಂಡಳು.

ಎರಡು ತಿಂಗಳ ಮೇಲೆ ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ಮೈಕ್ ಇರಲಿಲ್ಲ. ಇಬ್ಬರು ನರ್ಸ್‌ಗಳು, ಲಿಫ್ಟ್ ಕಂಪನಿಯ ಒಬ್ಬ ಗೆಳೆಯ. ಬರೆದು ತಂದ ಚೀಟಿಗಳನ್ನು ಗುಮಾಸ್ತನ ಮೇಜಿನ ಮುಂದೆ ನಿಂತೇ ಓದಿಕೊಂಡರು. ಗುಮಾಸ್ತ ಕೆಲಸ ನಿಲ್ಲಿಸಿ ಕೇಳಿದ. ಕೊನೇ ಗಳಿಗೆಯಲ್ಲಿ ಅಮ್ಮ ಬಂದಳು. ಅವಳಿಗಾಗಿ ಖಾಲಿ ಬಿಟ್ಟಿದ್ದ ಮೂರನೇ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದಳು, ಮಗಳ ಕೆನ್ನೆ ಮುಟ್ಟಿದಳು. ಕಣ್ಣು ಮುಚ್ಚಲಿಲ್ಲ. ಅಳಿಯನ ಕಡೆ ನೋಡದೆ ಹೊರಟುಹೋದಳು.

ಮೆಟ್ಟಿಲಿಳಿಯುತ್ತಾ ಅವನು ಕೇಳಿದ, "ಅಮ್ಮ ಯಾವತ್ತಾದ್ರೂ ನನ್ನ ಜೊತೆ ಮಾತಾಡ್ತಾರಾ?"

"ಗೊತ್ತಿಲ್ಲ. ಸುಳ್ಳು ಸಮಾಧಾನ ಹೇಳಲ್ಲ."

"ನೀನು?"

"ನಾನು ಇನ್ನೂ ತುಂಬಾ ದಿನ ಸಿಟ್ಟಲ್ಲೇ ಮಾತಾಡ್ತೀನಿ."

"ಮಾತಾಡು" ಅಂದ ಅವನು. "ಮನೇಲೇ ಇದ್ದು ಮಾತಾಡು."

"ಮನೇಲೇ ಇರ್ತೀನಿ ಕಣೋ" ಅಂದಳು.